ಗೋಪುರದ ಕೆಳಗಿನ ದೋಣಿಮನೆ

ತೆರ್ನಯ್ ದ್ವೀಪದವರು ಹೊಗಳಿಕೆಯಲ್ಲಿ ಬಲು ಜಿಪುಣರು. ಯಾರ ಬಗ್ಗೆಯಾದರೂ "ಅಷ್ಟೇನು ಕೆಟ್ಟವನಲ್ಲ" ಎಂದರೆ ಅದೇ ದೊಡ್ಡ ಸನ್ಮಾನ. ಅದಕ್ಕಿಂತ ಹೆಚ್ಚು ಹೊಗಳಿಸಿಕೊಳ್ಳಬೇಕಾದರೆ ಸಾಯಬೇಕು. ಅಂಥ ಊರಿನಲ್ಲಿ ಬದುಕಿರುವಾಗಲೇ "ಯೋರುನ್ ಹೇಳಿದ್ಲು ಅಂದ್ರೆ ಮುಗೀತು" ಅನ್ನಿಸಿಕೊಂಡವಳು ಯೋರುನ್ ಒಬ್ಬಳೇ. ನಾಳೆ ಪಡುವಣ ಗಾಳಿ ಏಳುತ್ತದೆ ಎಂದು ಅವಳು ಹೇಳಿದರೆ ಗಂಡಸರು ರೇಡಿಯೋ ಆರಿಸಿ ಎದ್ದು ಹೋಗಿ ದೋಣಿಗೆ ಇನ್ನೊಂದು ಹಗ್ಗ ಬಿಗಿಯುತ್ತಿದ್ದರು.

ವಯಸ್ಸು ಎಪ್ಪತ್ತೊಂದು. ಕುಳ್ಳಗಿನ ಗಟ್ಟಿ ಹೆಂಗಸು, ಕೈ ಮಾತ್ರ ಗಂಡಸಿನದು. ಹದಿನೈದನೆಯ ವರ್ಷದಿಂದ ಕಡಲಿಗೆ ಹೋಗುತ್ತಿದ್ದಳು. ಮೊದಲು ಅಪ್ಪ ಪೇಡರನ ಜೊತೆ, ಆಮೇಲೆ 'ಹಾನ್ನಾ' ಎಂಬ ತನ್ನದೇ ಪುಟ್ಟ ದೋಣಿಯಲ್ಲಿ ಒಬ್ಬಳೇ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ "ನನ್ನ ದೋಣೀಲಿ ಇಬ್ಬರಿಗೆ ಜಾಗ ಇಲ್ಲ" ಎನ್ನುತ್ತಿದ್ದಳು. ನಿಜ ಹೇಳಬೇಕೆಂದರೆ ಜಾಗ ಇತ್ತು. ಬಂದು ಕೇಳಿದವರು ಇಬ್ಬರೂ ದೋಣಿಯಲ್ಲಿ ಮಾತಾಡುವ ಜಾತಿಯವರಾಗಿದ್ದರು, ಅಷ್ಟೆ.

ಇಷ್ಟು ನಂಬಿಕೆಯ ಹೆಂಗಸನ್ನು ಸುಳ್ಳುಗಾರ್ತಿ ಎನ್ನುತ್ತಿದ್ದವನು ದ್ವೀಪದಲ್ಲಿ ಒಬ್ಬನೇ. ಅವನು ಅವಳ ಒಡಹುಟ್ಟಿದ ತಮ್ಮ ಸಿವರ್ಟ್. ಅವನ ಮನೆ ಅವಳ ಅಡುಗೆಮನೆಯ ಕಿಟಕಿಯಿಂದ ಇನ್ನೂರು ಹೆಜ್ಜೆ. ಹತ್ತೊಂಬತ್ತು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಅಂಗಡಿಗೆ ಇವಳದು ಮಂಗಳವಾರ, ಅವನದು ಗುರುವಾರ. ಚರ್ಚಿನಲ್ಲಿ ಇವಳು ಎಡಕ್ಕೆ, ಅವನು ಬಲಕ್ಕೆ. ನೂರ ನಲವತ್ತು ಜನರ ದ್ವೀಪದಲ್ಲಿ ಒಬ್ಬರಿಗೊಬ್ಬರು ಎದುರಾಗದೆ ಹತ್ತೊಂಬತ್ತು ವರ್ಷ ಕಳೆಯುವುದೆಂದರೆ ಅದೇನು ಸಣ್ಣ ಕಸುಬಲ್ಲ, ಇಬ್ಬರೂ ಸೇರಿ ಮಾಡಬೇಕಾದದ್ದು.

ಜಗಳ ಹುಟ್ಟಿದ್ದು ಒಂದು ಗುರುತಿನಿಂದ.

ನಮ್ಮಲ್ಲಿ ಒಳ್ಳೆಯ ಮೀನಿನ ಜಾಗವನ್ನು ಕಡಲಿನಲ್ಲಿ ಹುಡುಕುವುದಿಲ್ಲ, ದಡದ ಮೇಲೆ ಹುಡುಕುತ್ತೇವೆ. ದೋಣಿಯಿಂದ ನೋಡಿದಾಗ ದಡದ ಎರಡು ವಸ್ತುಗಳು ಒಂದರ ಮೇಲೊಂದು ಕೂರಬೇಕು. ಬೇರೆ ದಿಕ್ಕಿನಲ್ಲಿ ಇನ್ನೆರಡು ಹಾಗೇ ಹೊಂದಬೇಕು. ಎರಡು ಗೆರೆ ಕೂಡಿದ ಕಡೆ ಗಾಳ ಬಿಡಬೇಕು. ಇದು ಗುರುತು. ಮನೆತನಕ್ಕೊಂದು ಗುರುತು, ಹೊಲ ಇದ್ದ ಹಾಗೆ. ಪೇಡರನ ಮನೆತನದ ಗುರುತು ಹೀಗೆ: ಚರ್ಚಿನ ಗೋಪುರ ದಡದಲ್ಲಿರುವ ಅವರ ದೋಣಿಮನೆಯ ನೆತ್ತಿಯ ಮೇಲೆ ನೇರ ನಿಲ್ಲಬೇಕು, ತೆಂಕಣ ನಡುಗಡ್ಡೆಯ ಕಲ್ಲುಗುಪ್ಪೆ ಕರಿಬಂಡೆಯ ಹಿಂದಿನಿಂದ ಆಗತಾನೇ ಇಣುಕಬೇಕು. ಅಲ್ಲಿ ನೀರಿನಡಿ ಉದ್ದನೆಯ ದಿಬ್ಬವಿದೆ, ಎರಡು ಗೂನು, ನಡುವೆ ಒಂದು ತಗ್ಗು. ಕೈಗಾಳ ಮಾತ್ರ ಬಿಡಬೇಕು. ತಳದಲ್ಲಿ ಕಡಲಮರಗಳಿವೆ, ಅಂದರೆ ಮರದಂತೆ ಕವಲೊಡೆದ ಹವಳ; ಬೇರೆ ಏನು ಬಿಟ್ಟರೂ ಸಿಕ್ಕಿಕೊಳ್ಳುತ್ತದೆ.

ಗುರುತಿಗೆ ಕಟ್ಟುಪಾಡೂ ಇದೆ. ಬರೆಯಬಾರದು. ಒಬ್ಬರಿಗೇ ಹೇಳಬೇಕು. ಒಮ್ಮೆ ಹೇಳಿಕೊಟ್ಟ ಮೇಲೆ ಹೇಳಿದವರು ಆ ಜಾಗಕ್ಕೆ ಮತ್ತೆ ಹೋಗಬಾರದು, ತೋರಿಸಲಿಕ್ಕೆಂದು ಜೊತೆಗೂ ಹೋಗಬಾರದು. ಪೇಡರ್ ಸಾಯುವ ಮುಂಚೆ ಅದನ್ನು ಊರಲ್ಲೇ ಉಳಿದಿದ್ದ ಮಗಳಿಗೆ ಹೇಳಿದ. ಅವಳು ನಾಲ್ಕು ವರ್ಷ ಅಲ್ಲಿ ಕೈಗಾಳ ಬಿಟ್ಟು ಮೊಣಕೈ ಉದ್ದದ ಕೆಂಪು ಮೀನು ಎಳೆದಳು. ದೋಣಿಯ ದಾರಿ ತೋರಿಸುವ ಯಂತ್ರದಲ್ಲಿ ಮಾತ್ರ ಜಾಗ ಗುರುತು ಮಾಡಿಕೊಳ್ಳಲಿಲ್ಲ. ಯಂತ್ರಕ್ಕೆ ಹೇಳುವುದೂ ಊರಿಗೆ ಹೇಳುವುದೂ ಒಂದೇ ಎಂಬುದು ಅವಳ ಲೆಕ್ಕ.

ಆಮೇಲೆ ಒಂದು ಫೆಬ್ರವರಿಯಲ್ಲಿ ಸಿವರ್ಟ್ ಊರಿಗೆ ಬಂದ. ಇಪ್ಪತ್ತೈದು ವರ್ಷ ಸರಕು ಹಡಗಿನಲ್ಲಿ ಲೋಕ ಸುತ್ತಿ, ಒಂದು ಹೆಂಡತಿಯನ್ನು ಮಾಡಿಕೊಂಡು, ಬಿಟ್ಟು, ಎರಡು ಪೆಟ್ಟಿಗೆ ಹಿಡಿದು ದೋಣಿಕಟ್ಟೆಯ ಮೇಲೆ ನಿಂತಿದ್ದ. ಯೋರುನ್‌ಗೆ ಸಂತೋಷ ತಡೆಯಲಾಗಲಿಲ್ಲ. ಅಂದೇ ಸಂಜೆ ಅವನನ್ನು ಅಪ್ಪನ ದೋಣಿಮನೆಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ತನ್ನ ಬಳಿ ಇದ್ದದ್ದರಲ್ಲಿ ಅತ್ಯಂತ ಒಳ್ಳೆಯದನ್ನು ಅವನಿಗೆ ಕೊಟ್ಟಳು. ಅಪ್ಪನ ಮಾತು, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ.

ಜೂನಿನಲ್ಲಿ ಸಿವರ್ಟ್ ಗುರುತಿಗೆ ಹೋದ. ದೊಡ್ಡ ಹಡಗಿನಲ್ಲಿ ಬದುಕಿದವನಿಗೆ ಕೈಗಾಳವೆಂದರೆ ಮಕ್ಕಳಾಟ. ನಾನೂರು ಗಾಳ ಕಟ್ಟಿದ ಉದ್ದ ಹಗ್ಗವನ್ನೇ ಇಳಿಸಿದ. ಬಂದದ್ದು ಕೆಸರು. ಇನ್ನೊಂದು ದಿನ ಹೋದ, ಕೆಸರು. ಮೂರನೆಯ ಸಲ ಒಂದು ರಬ್ಬರ್ ಬೂಟು ಬಂತು, ಎಡಗಾಲಿನದು. ಸುತ್ತ ಹುಡುಕೋಣವೆಂದರೆ ಅದೂ ಆಗದು. ಕಡಲಿನಲ್ಲಿ ಸುತ್ತು ಹೊಡೆಯುವ ದೋಣಿಯನ್ನು ಕಂಡರೆ ಉಳಿದವರ ಕಿವಿ ನೆಟ್ಟಗಾಗುತ್ತದೆ, ಮರುದಿನವೇ ಗುರುತು ಊರಿನದಾಗುತ್ತದೆ. ಅವನು ನೆಟ್ಟಗೆ ಅಕ್ಕನ ಮನೆಗೆ ಬಂದು ಬೂಟನ್ನು ಮೆಟ್ಟಿಲ ಮೇಲೆ ಇಟ್ಟ.

"ಅಪ್ಪನ ಹೆಸರಲ್ಲಿ ಸುಳ್ಳು ಹೇಳೋಕೆ ನಾಲಿಗೆ ಹೇಗೆ ಬಂತು ನಿಂಗೆ? ಕೊಡೋ ಮನಸ್ಸಿಲ್ದಿದ್ರೆ ಇಲ್ಲ ಅನ್ಬೇಕಿತ್ತು."

"ನಾನು ಹೇಳಿದ್ದು ಅಪ್ಪ ಹೇಳಿದ್ದೇ," ಎಂದಳು ಯೋರುನ್.

"ಹಾಗಾದ್ರೆ ಅಪ್ಪನೇ ಸುಳ್ಳ. ಹೇಳು, ಯಾರು ಸುಳ್ಳರು, ನೀನಾ ಅಪ್ಪನಾ?"

ಅವಳಿಗೆ ಸಿಟ್ಟು ನೆತ್ತಿಗೇರಿತು. ಹೋಗಿ ತೋರಿಸೋಣವೆಂದರೆ ಕಟ್ಟುಪಾಡು ಅಡ್ಡ. ಬಾಗಿಲು ಹಾಕಿಕೊಂಡಳು. ಬೂಟನ್ನು ಎಸೆಯಲಿಲ್ಲ, ಮಣ್ಣು ತುಂಬಿ ಈರುಳ್ಳಿ ಸೊಪ್ಪು ಹಾಕಿದಳು. ಅದು ಹತ್ತೊಂಬತ್ತು ವರ್ಷದಿಂದ ಮೆಟ್ಟಿಲ ಮೇಲೆಯೇ ಇದೆ. ಪ್ರತಿ ಬೇಸಿಗೆ ಹುಲುಸಾಗಿ ಬೆಳೆಯುತ್ತದೆ, ಸಿವರ್ಟನ ಕಿಟಕಿಗೆ ಚೆನ್ನಾಗಿ ಕಾಣುತ್ತದೆ.

ಹೀಗೆ ಹೇಳಿದರೆ ಯೋರುನ್ ಕಲ್ಲೆದೆಯವಳು ಅನ್ನಿಸಬಹುದು. ಆದರೆ ಕ್ರಿಸ್ಮಸ್ ಹಿಂದಿನ ದಿನ ಉಪ್ಪು ಹಚ್ಚಿದ ಕುರಿ ಪಕ್ಕೆಲುಬನ್ನು ಹಬೆಯಲ್ಲಿ ಬೇಯಿಸುವಾಗ ಪ್ರತಿ ಸಲವೂ ಇಬ್ಬರಿಗಾಗುವಷ್ಟು ಇಡುತ್ತಿದ್ದಳು. ಪಾತ್ರೆ ದೊಡ್ಡದು ಎಂದು ತನಗೆ ತಾನೇ ನೆಪ ಹೇಳಿಕೊಳ್ಳುತ್ತಿದ್ದಳು. ಉಳಿದದ್ದನ್ನು ಜನವರಿ ಪೂರ್ತಿ ತಿನ್ನುತ್ತಿದ್ದಳು, ತಮ್ಮನನ್ನು ಬೈದುಕೊಂಡು.

ಈ ವರ್ಷ ಮೇ ತಿಂಗಳಲ್ಲಿ ಸರ್ವೆ ಹಡಗು ಬಂತು. ದೇಶದ ಕಡಲ ತಳವನ್ನೆಲ್ಲ ನಕ್ಷೆ ಮಾಡುವ ಕೆಲಸ ತುಂಡು ತುಂಡಾಗಿ ನಡೆಯುತ್ತ ನಮ್ಮ ಕಡೆಗೂ ತಲುಪಿತ್ತು. ಹಡಗು ಬಿಳಿ ಬಣ್ಣದ್ದು, ಹೊಲ ಉಳುವ ಹಾಗೆ ಹೋಗುವುದು, ತಿರುಗುವುದು, ಪಕ್ಕದ ಸಾಲಿನಲ್ಲಿ ಬರುವುದು. ಮೂರು ದಿನ ಜನ ಕಿಟಕಿಯಿಂದ ನೋಡಿದರು. ನಾಲ್ಕನೆಯ ದಿನ ಸಂಜೆ ಸಮುದಾಯ ಭವನದಲ್ಲಿ ಸಭೆ, ಕಾಫಿ ಮತ್ತು ವಾಫಲ್ ಇದೆ ಎಂಬ ಚೀಟಿ ಅಂಗಡಿಯ ಬಾಗಿಲಿಗೆ ಬಿತ್ತು. ವಾಫಲ್ ಎಂಬ ಈ ಅಚ್ಚಿನ ಸಿಹಿ ದೋಸೆ ಇಲ್ಲದಿದ್ದರೆ ನಮ್ಮೂರಲ್ಲಿ ಸಭೆ ನಡೆಯುವುದಿಲ್ಲ.

ಮಾತಾಡಿದವಳು ಸುನ್ನಿವಾ, ಟ್ರೊಂಡ್‌ಹೈಮ್ ನಗರದಿಂದ ಬಂದ ಭೂವಿಜ್ಞಾನಿ. ಮೂವತ್ತು ದಾಟಿರಲಿಕ್ಕಿಲ್ಲ, ಹೆಣೆದ ಟೋಪಿ, ಕಡಲಿನ ಗಾಳಿಗೆ ಸಿಪ್ಪೆ ಎದ್ದ ಮೂಗು.

"ಹಡಗು ನೀರೊಳಗೆ ಶಬ್ದ ಬಿಡುತ್ತೆ, ಅದು ತಳಕ್ಕೆ ತಾಗಿ ವಾಪಸ್ ಬರುತ್ತೆ. ಬರೋಕೆ ಎಷ್ಟು ಹೊತ್ತಾಯ್ತು ಅನ್ನೋದ್ರಿಂದ ಆಳ ಗೊತ್ತಾಗುತ್ತೆ. ಆಮೇಲೆ ಕ್ಯಾಮೆರಾ ಇಳಿಸಿ ನೋಡ್ತೀವಿ. ಚಂದ್ರನ ಮೇಲೆ ಎಲ್ಲಿ ಗುಂಡಿ ಇದೆ ಅಂತ ನಮಗೆ ಗೊತ್ತು, ನಿಮ್ಮ ಬಾಗಿಲ ಮುಂದಿನ ನೀರಲ್ಲಿ ಏನಿದೆ ಅಂತ ಗೊತ್ತಿಲ್ಲ ನೋಡಿ."

"ನಮಗೆ ಗೊತ್ತಮ್ಮ," ಎಂದ ಇಂಗ್ವಾಲ್, ಬಾಯಲ್ಲಿ ವಾಫಲ್ ಇಟ್ಟುಕೊಂಡೇ. ಅವನು ನಿವೃತ್ತ ದೋಣಿ ಚಾಲಕ, ಯಾವ ಮಾತಿಗೂ ಒಗ್ಗರಣೆ ಹಾಕದೆ ಬಿಡದವನು. "ಹೇಳಲ್ಲ, ಅಷ್ಟೆ."

ಭವನವೆಲ್ಲ ನಕ್ಕಿತು. ಸುನ್ನಿವಾಳೂ ನಕ್ಕಳು.

"ಹೇಳ್ದಿದ್ರೆ ಒಂದು ತೊಂದರೆ ಇದೆ. ಎಲ್ಲಿ ಬಲೆ ಎಳೀಬಹುದು, ಎಲ್ಲಿ ಮೀನು ಸಾಕೋ ಪಂಜರಕ್ಕೆ ಲಂಗರು ಹಾಕ್ಬಹುದು, ಎಲ್ಲಿ ಮುಟ್ಟಲೇಬಾರದು ಅನ್ನೋದನ್ನ ಇನ್ಮೇಲೆ ಈ ನಕ್ಷೆ ನೋಡಿ ತೀರ್ಮಾನ ಮಾಡ್ತಾರೆ. ಹವಳ ಇರೋ ಜಾಗ ನಕ್ಷೇಲಿ ಬರ್ಲಿಲ್ಲ ಅಂದ್ರೆ ಅದು ಇಲ್ಲ ಅಂತಲೇ ಲೆಕ್ಕ. ಪಡುವಣ ಭಾಗ ಈ ವರ್ಷದ ಪಟ್ಟೀಲಿಲ್ಲ. ಯಾರಾದ್ರೂ ಒಂದು ಕಾರಣ ಕೊಟ್ರೆ ಅರ್ಧ ದಿನ ಅಲ್ಲಿಗೆ ಹೋಗ್ತೀವಿ."

ಯಾರೂ ಕಾರಣ ಕೊಡಲಿಲ್ಲ. ಇಂಗ್ವಾಲ್ ಇನ್ನೊಂದು ವಾಫಲಿಗೆ ಕಂದು ಚೀಸ್ ಹಚ್ಚಿಕೊಂಡ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಎಲ್ಲರೂ ಎಲ್ಲರ ಮುಖ ನೋಡಿದರು.

ಯೋರುನ್‌ಳ ಕೈ ವಾಫಲಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿತು. ಹತ್ತೊಂಬತ್ತು ವರ್ಷದಿಂದ ಅವಳಿಗೆ ಬೇಕಾಗಿದ್ದದ್ದು ಒಬ್ಬ ಸಾಕ್ಷಿ. ಊರವರ ಸಾಕ್ಷಿ ಸಿವರ್ಟನಿಗೆ ಬೇಡ, ಅವರೆಲ್ಲ ಇವಳ ಕಡೆಯವರು. ಈ ಬಿಳಿ ಹಡಗು ಯಾರ ನೆಂಟನೂ ಅಲ್ಲ. ಅದಕ್ಕೆ ಅಕ್ಕನೂ ಇಲ್ಲ, ತಮ್ಮನೂ ಇಲ್ಲ. ಅವಳು ಎದ್ದು ನಿಂತಳು.

"ನನ್ನ ಹತ್ರ ಒಂದು ಗುರುತಿದೆ. ಆದ್ರೆ ಅದು ಈಗ ನಂದಲ್ಲ, ಸಿವರ್ಟಂದು. ಅವನು ಬೇಡ ಅಂದ್ರೆ ಕೂತ್ಕೋತೀನಿ."

ಸಿವರ್ಟ್ ಬಾಗಿಲ ಹತ್ತಿರ ಕೈಕಟ್ಟಿ ಕೂತಿದ್ದ. ಅಕ್ಕನಿಗೆ ಉತ್ತರ ಕೊಟ್ಟರೆ ಮೌನ ಮುರಿದ ಹಾಗಾಗುತ್ತದಲ್ಲ, ಅದಕ್ಕೆ ಕಾಫಿ ಪಾತ್ರೆಯನ್ನು ನೋಡಿಕೊಂಡು ಹೇಳಿದ.

"ಹೇಳ್ಲಿ, ಹೇಳ್ಲಿ. ಕೆಸರು ಯಾರಿಗೆ ಬೇಕಾದ್ರೂ ದಾನ ಮಾಡ್ಲಿ. ಅಲ್ಲಿ ಒಂದು ಬೂಟಿತ್ತು, ಅದನ್ನ ನಾನೇ ತಂದಾಯ್ತು. ಇನ್ನೊಂದು ಕಾಲಿಂದು ಸಿಕ್ಕಿದ್ರೆ ಹಡಗಿನವರೇ ಇಟ್ಕೊಳ್ಳಿ."

"ಅಲ್ಲಿ ದಿಬ್ಬ ಇಲ್ದಿದ್ರೆ," ಎಂದಳು ಯೋರುನ್ ಸುನ್ನಿವಾಳ ಕಡೆಗೇ ತಿರುಗಿ, "ಆ ಬೂಟನ್ನ ಬೇಯಿಸಿ ಇದೇ ಭವನದಲ್ಲಿ ಕೂತು ತಿಂತೀನಿ."

"ಆಲೂಗಡ್ಡೆ ನಾನು ತರ್ತೀನಿ," ಎಂದ ಇಂಗ್ವಾಲ್.

ಆಮೇಲೆ ಅವಳು ಗುರುತು ಹೇಳಿದಳು. ಗೋಪುರ, ದೋಣಿಮನೆ, ಕಲ್ಲುಗುಪ್ಪೆ, ಕರಿಬಂಡೆ, ಎರಡು ಗೂನು, ನಡುವಿನ ತಗ್ಗು, ಕಡಲಮರ. ಮೂರು ತಲೆಮಾರು ಬಾಯಿಗೆ ಬೀಗ ಹಾಕಿ ಕಾದದ್ದನ್ನು ಎಲ್ಲರ ಎದುರಿಗೆ ಹೇಳಿ ಮುಗಿಸಿ ಕೂತಾಗ ಮೈಯೆಲ್ಲ ಹಗುರವಾಗಿ, ಸ್ವಲ್ಪ ನಾಚಿಕೆಯೂ ಆಯಿತು. ಭವನದಲ್ಲಿ ವಾಫಲ್ ಅಗಿಯುವ ಸದ್ದೂ ನಿಂತಿತ್ತು.

ಎರಡು ದಿನ ಬಿಟ್ಟು ಸುನ್ನಿವಾ ಒಂದು ಸುರುಳಿ ಕಾಗದ ಹಿಡಿದು ಯೋರುನ್‌ಳ ಮೆಟ್ಟಿಲು ಹತ್ತಿದಳು. ಬೂಟನ್ನು ದಾಟುವಾಗ ಅದನ್ನು ನೋಡಿದ ರೀತಿಯಲ್ಲೇ ಯೋರುನ್‌ಗೆ ಸುದ್ದಿ ತಿಳಿಯಿತು.

"ನೀವು ಹೇಳಿದ ಎರಡು ಗೆರೆ ಹಾಕಿ ನೋಡಿದ್ವಿ ಯೋರುನಮ್ಮ," ಎಂದಳು ಸುನ್ನಿವಾ ಅಡುಗೆಮನೆಯಲ್ಲಿ ಕೂತು. "ಗೆರೆಗಳು ಕೂಡೋ ಕಡೆ ಮೆತ್ತನೆ ಕೆಸರು. ಸಪಾಟು. ನಂಗೂ ಬೇಜಾರಾಯ್ತು."

ಯೋರುನ್ ಕಾಫಿ ಬಗ್ಗಿಸುತ್ತಿದ್ದವಳು ನಿಲ್ಲಿಸಿದಳು. ಬೂಟಿನ ಯೋಚನೆ ಬರಲಿಲ್ಲ, ತಮ್ಮನ ನಗುವಿನ ಯೋಚನೆಯೂ ಬರಲಿಲ್ಲ. ಬಂದದ್ದು ಬೇರೆ ಭಯ. ಈ ಕೈಯಲ್ಲೇ ನಾಲ್ಕು ವರ್ಷ ಅಲ್ಲಿಂದ ಮೀನು ಎಳೆದಿದ್ದೇನೆ. ಎಳೆದದ್ದು ನಿಜವೋ, ಅಥವಾ ಎಳೆದೆ ಅಂತ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೋ? ಅಪ್ಪನ ಮಾತಿನಲ್ಲಿ ಒಂದು ಪದ ಎಲ್ಲೋ ಜಾರಿಹೋಗಿದ್ದರೆ? ಹಾಗಿದ್ದರೆ ತಮ್ಮ ಹೇಳಿದ್ದೇ ಸರಿ, ಹತ್ತೊಂಬತ್ತು ವರ್ಷ ನಾನೇ ಅವನನ್ನು ಹೊರಗಿಟ್ಟ ಹಾಗಾಯಿತು. ಅವಳು ಕಾಫಿ ಪಾತ್ರೆ ಕೆಳಗಿಟ್ಟಳು. ಕೂತಳು.

"ನನ್ನ ತಲೆ ಕೆಟ್ಟಿದೆಯೇನಮ್ಮ?" ಎಂದು ಕೇಳಿದಳು.

"ಛೆ, ಹಾಗೆಲ್ಲ ಅನ್ಬೇಡಿ. ನಕ್ಷೆ ತಂದಿದೀನಿ, ನೀವೇ ನೋಡಿ. ಅರ್ಧ ದಿನದಲ್ಲಿ ಸುತ್ತಮುತ್ತ ಎಲ್ಲ ಅಳೆದಿದೀವಿ."

ಕಾಗದ ಮೇಜಿನ ತುಂಬ ಹರಡಿತು. ಆಳವಾದದ್ದೆಲ್ಲ ನೀಲಿ, ಎತ್ತರವಾದದ್ದು ಹಳದಿ, ಕೆಂಪು. ಯೋರುನ್ ಕನ್ನಡಕ ಹಾಕಿಕೊಂಡು ಬಗ್ಗಿದಳು. ಕೆಸರಿನ ನೀಲಿ ಬಯಲಿನ ಮೇಲೆ ಸುನ್ನಿವಾ ಪೆನ್ಸಿಲಿನಲ್ಲಿ ಗುಣಾಕಾರದ ಗುರುತು ಹಾಕಿದ್ದಳು. ಯೋರುನ್ ಅಲ್ಲಿಂದ ಬೆರಳನ್ನು ಮೆಲ್ಲಗೆ ದಕ್ಷಿಣಕ್ಕೆ ಎಳೆದಳು, ಒಂದು ಹೆಬ್ಬೆರಳಿನಷ್ಟು. ಅಲ್ಲಿ ಉದ್ದನೆಯ ಕೆಂಪು ಬೆನ್ನೊಂದು ಮಲಗಿತ್ತು. ಎರಡು ಗೂನು. ನಡುವೆ ತಗ್ಗು. ಗಾಳದ ಗುಂಡು ಆ ತಗ್ಗಿಗೆ ಇಳಿಯುವಾಗ ಹಗ್ಗ ಬೆರಳಲ್ಲಿ ಹೇಗೆ ಸಡಿಲಾಗುತ್ತಿತ್ತೆಂದು ಅವಳ ಬೆರಳಿಗೇ ನೆನಪಿತ್ತು.

"ಇದೇ," ಎಂದಳು. "ಇದೇ ಕಣಮ್ಮ ನಮ್ಮಪ್ಪನ ದಿಬ್ಬ. ಇದು ಯಾಕೆ ಇಲ್ಲಿಗೆ ಬಂತು?"

"ಇದಾ? ಇದು ನಿಮ್ಮ ಗುರುತಿಂದ ಮುನ್ನೂರು ಮೀಟರ್ ಆಚೆ. ದಿಬ್ಬ ಎಲ್ಲಿಗೂ ಹೋಗಲ್ಲ ಯೋರುನಮ್ಮ. ಹಿಮಯುಗದಿಂದ ಅಲ್ಲೇ ಇದೆ."

"ಚರ್ಚೂ ಎಲ್ಲಿಗೂ ಹೋಗಲ್ಲ," ಎಂದಳು ಯೋರುನ್. "ಕರಿಬಂಡೆಯೂ ಹೋಗಲ್ಲ."

ಹೇಳುತ್ತ ಹೇಳುತ್ತ ಅವಳ ಕೈ ಪಕ್ಕದ ಬುಟ್ಟಿಗೆ ಹೋಯಿತು. ಅಲ್ಲಿ ಅರ್ಧ ಹೆಣೆದ ಕಾಲುಚೀಲ, ಬೂದು ಉಣ್ಣೆಯ ಉಂಡೆ. ಒಂದು ಮಾರು ನೂಲು ಎಳೆದು ಒಂದು ತುದಿಯನ್ನು ನಕ್ಷೆಯ ಮೇಲಿನ ಚರ್ಚಿನ ಮೇಲೆ ಒತ್ತಿ ಹಿಡಿದಳು. ಇನ್ನೊಂದು ತುದಿಯನ್ನು ಸುನ್ನಿವಾಳ ಕೈಗೆ ಕೊಟ್ಟಳು.

"ದಿಬ್ಬದ ಮೇಲೆ ಹಿಡಿ. ಬಿಗಿಯಾಗಿ. ಈಗ ನೋಡು, ದಡವನ್ನ ಎಲ್ಲಿ ದಾಟುತ್ತೆ?"

ಸುನ್ನಿವಾ ಮೂಗನ್ನು ಕಾಗದಕ್ಕೆ ತಾಗಿಸಿ ನೋಡಿದಳು. "ದೋಣಿಮನೆಗಿಂತ ಸ್ವಲ್ಪ ಈ ಕಡೆ. ಮೂವತ್ತು ಮೀಟರ್ ಇರ್ಬಹುದು. ಬರೀ ಕಲ್ಲಿದೆ ಅಲ್ಲಿ. ಗೋಪುರ ದೋಣಿಮನೆಯಿಂದ ನಾನೂರು ಮೀಟರ್, ದಿಬ್ಬ ಗೋಪುರದಿಂದ ನಾಲ್ಕು ಸಾವಿರ. ಇಲ್ಲಿ ಮೂವತ್ತು ಮೀಟರ್ ಆಚೀಚೆ ಆದ್ರೆ ಅಲ್ಲಿ ಮುನ್ನೂರು..."

ಮುಂದೆ ಅವಳು ಹೇಳಿದ್ದು ಯೋರುನ್‌ಗೆ ಕೇಳಿಸಲಿಲ್ಲ. ಬರೀ ಕಲ್ಲಿರುವ ಆ ಜಾಗ ಅವಳ ಕಣ್ಣಿಗೆ ಕಟ್ಟಿತು. ಹತ್ತೊಂಬತ್ತು ವರ್ಷದ ಹಿಂದಿನ ಜನವರಿಯ ಬಿರುಗಾಳಿ ಅಪ್ಪನ ದೋಣಿಮನೆಯ ಮಾಡಿನ ಅರ್ಧ ಹಾರಿಸಿಕೊಂಡು ಹೋಗಿತ್ತು. ಊರಿಗೆ ಬಂದ ಸಿವರ್ಟ್ ಉತ್ಸಾಹದಲ್ಲಿ, ಈ ಜಾಗ ಗಾಳಿಯ ಬಾಯಿ, ಬಂಡೆಯ ಮರೆಗೆ ಕಟ್ಟೋಣ ಎಂದ. ಏಪ್ರಿಲಿನಲ್ಲಿ ಊರಿಗೆ ಊರೇ ಬಂದು ತೊಲೆಗಳನ್ನು ಬಿಚ್ಚಿ, ಹೆಗಲ ಮೇಲೆ ಹೊತ್ತು, ಉತ್ತರಕ್ಕೆ ಸಾಗಿಸಿ, ಒಂದೇ ವಾರದಲ್ಲಿ ಅದೇ ದೋಣಿಮನೆಯನ್ನು ಮತ್ತೆ ನಿಲ್ಲಿಸಿತು. ಅದೇ ತೊಲೆ, ಅದೇ ಬಾಗಿಲು, ಅದೇ ನೆತ್ತಿ. ಎರಡು ತಿಂಗಳ ಹಿಂದೆ ಹೇಳಿದ ಗುರುತು ಯಾರಿಗೆ ನೆನಪಾಗಬೇಕು? ದೋಣಿಮನೆ ಎಂದರೆ ದೋಣಿಮನೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಯೋರುನ್ ನಗತೊಡಗಿದಳು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಮೇಜು ಕುಲುಕಿತು, ಕಾಫಿ ಚೆಲ್ಲಿ ನಕ್ಷೆಯ ಉತ್ತರದ ಮೂಲೆ ಕಂದಾಯಿತು. ಸುನ್ನಿವಾ ಗಾಬರಿಯಾಗಿ ಬಟ್ಟೆ ಹುಡುಕಿದಳು. ಎಷ್ಟೋ ಹೊತ್ತಿನ ಮೇಲೆ ಯೋರುನ್ ಕಣ್ಣೊರೆಸಿಕೊಂಡಳು. ಅದರಲ್ಲಿ ಎಲ್ಲವೂ ನಗುವಿನ ನೀರಾಗಿರಲಿಲ್ಲ. ಹತ್ತೊಂಬತ್ತು ಕ್ರಿಸ್ಮಸ್ ಎಂದರೆ ಹತ್ತೊಂಬತ್ತು ಕ್ರಿಸ್ಮಸ್.

"ಕ್ಯಾಮೆರಾ ಇಳಿಸಿದ್ರಾ ದಿಬ್ಬಕ್ಕೆ?" ಎಂದು ಕೇಳಿದಳು.

ಸುನ್ನಿವಾ ಫೋನಿನಲ್ಲಿ ತೋರಿಸಿದಳು. ಕತ್ತಲ ನೀರಿನಲ್ಲಿ ಬೆಳಕು ಬಿದ್ದ ಕಡೆಯೆಲ್ಲ ಮರಗಳು, ಬಿಳಿ ಮರ, ಕಿತ್ತಳೆ ಮರ, ಬೀಸಣಿಗೆಯಂತೆ ಹರಡಿದ ಗುಲಾಬಿ ಮರ. ನಡುವೆ ಕೆಂಪು ಮೀನುಗಳು, ಬಸ್ಸಿಗೆ ಕಾಯುವವರ ಹಾಗೆ ಸುಮ್ಮನೆ ನಿಂತಿದ್ದವು. ಐವತ್ತಾರು ವರ್ಷ ಕಡಲಿಗೆ ಹೋದವಳು, ನಾಲ್ಕು ವರ್ಷ ಇವುಗಳ ನೆತ್ತಿಯ ಮೇಲೆ ಗಾಳ ಇಳಿಸಿದವಳು ಕಡಲಮರವನ್ನು ನೋಡಿದ್ದು ಅದೇ ಮೊದಲು. ಅಪ್ಪನೂ ನೋಡಿರಲಿಲ್ಲ.

"ಇಷ್ಟು ಹಾಳಾಗ್ದೆ ಉಳಿದಿರೋ ಹವಳ ನಾನು ಈ ಕರಾವಳೀಲಿ ಹೆಚ್ಚು ನೋಡಿಲ್ಲ," ಎಂದಳು ಸುನ್ನಿವಾ. "ಒಂದೇ ಒಂದು ಸಲ ಉದ್ದ ಹಗ್ಗ ಬಿದ್ದಿದ್ರೂ ಮುರಿದು ಹೋಗ್ತಿತ್ತು."

ಯೋರುನ್ ಆ ಮಾತನ್ನು ಮನಸ್ಸಿನಲ್ಲೇ ಇಟ್ಟುಕೊಂಡಳು. ಸುನ್ನಿವಾ ಹೋದ ಮೇಲೆ ನೂಲಿನ ಉಂಡೆಯನ್ನು ಜೇಬಿಗೆ ಹಾಕಿದಳು, ನಕ್ಷೆಯನ್ನು ಕಂಕುಳಲ್ಲಿ ಸಿಕ್ಕಿಸಿದಳು, ಬೂಟನ್ನು ಸೊಪ್ಪು ಸಮೇತ ಎತ್ತಿಕೊಂಡು ಇಳಿದಳು. ಇನ್ನೂರು ಹೆಜ್ಜೆಯಲ್ಲಿ ನೂರನೆಯದರ ಹೊತ್ತಿಗೆ ಅಂಗಡಿಯವರಿಗೆ ಸುದ್ದಿ ಮುಟ್ಟಿತ್ತು. ನೂರೈವತ್ತನೆಯದಕ್ಕೆ ಇಂಗ್ವಾಲ್ ದಾರಿಯಲ್ಲಿ ನಿಂತಿದ್ದ.

"ಬೇಯಿಸೋಕೆ ಹೊರಟ್ಯಾ? ಆಲೂಗಡ್ಡೆ ತರ್ಲಾ?"

"ತಗೊಂಡು ಬಾ. ಯಾರು ತಿನ್ನೋದು ಅಂತ ಆಮೇಲೆ ಹೇಳ್ತೀನಿ."

ಸಿವರ್ಟ್ ತನ್ನ ಮನೆಯ ಕೆಳಗಿನ ದೋಣಿಮನೆಯ ಮುಂದೆ ತಲೆಕೆಳಗಾದ ಪೆಟ್ಟಿಗೆಯ ಮೇಲೆ ಕೂತು ಬಾಗಿಲಿಗೆ ಕೆಂಪು ಬಣ್ಣ ಬಳಿಯುತ್ತಿದ್ದ. ಅಕ್ಕ ಎದುರಿಗೆ ಬಂದು ನಿಂತದ್ದನ್ನು ನೋಡಿಯೂ ನೋಡದವನಂತೆ ಬಾಗಿಲಿಗೇ ಹೇಳಿದ.

"ಕೆಸರು ಸಿಕ್ಕಿತಂತೆ."

"ಸಿಕ್ತು," ಎಂದಳು ಯೋರುನ್. ಬೂಟನ್ನು ಅವನ ಕಾಲ ಹತ್ತಿರ ಇಟ್ಟಳು. "ಒಂದು ಮಾತು ಕೇಳ್ತೀನಿ, ಅದಕ್ಕೆ ಉತ್ತರ ಹೇಳು, ಆಮೇಲೆ ಬೇಕಾದ್ರೆ ಇನ್ನೂ ಹತ್ತೊಂಬತ್ತು ವರ್ಷ ಸುಮ್ನಿರು. ಅಪ್ಪ ಇದ್ದಾಗ ಈ ದೋಣಿಮನೆ ಎಲ್ಲಿತ್ತು?"

"ಇದೆಂಥ ಪ್ರಶ್ನೆ? ಅಲ್ಲಿ," ಎಂದು ಸಿವರ್ಟ್ ಬ್ರಷ್ ಹಿಡಿದ ಕೈಯನ್ನು ಹಳೆಯ ಕಲ್ಲುಗಳ ಕಡೆಗೆ ಚಾಚಿದ. ಚಾಚಿದ ಕೈ ಹಾಗೇ ನಿಂತಿತು. ಅವನು ಕಲ್ಲುಗಳನ್ನು ನೋಡಿದ. ತಿರುಗಿ ಗೋಪುರವನ್ನು ನೋಡಿದ. ಮತ್ತೆ ಕಡಲಿನ ಕಡೆ ನೋಡಿದ. ಬ್ರಷ್ಷಿನಿಂದ ಕೆಂಪು ಬಣ್ಣ ತೊಟ್ಟಿಕ್ಕಿ ಅವನ ಷರಾಯಿಯ ಮೇಲೆ ಬೀಳುತ್ತಿತ್ತು, ಅವನಿಗೆ ಅದರ ಪರಿವೆಯೇ ಇರಲಿಲ್ಲ.

"ಸರಿಸಿದ್ದು ನಾನು," ಎಂದ ಕೊನೆಗೆ.

ಇಂಗ್ವಾಲನ ಹಿಂದೆ ಇನ್ನೂ ಏಳೆಂಟು ಜನ ದೂರದಲ್ಲಿ, ಏನೋ ಬೇರೆ ಕೆಲಸಕ್ಕೆ ಬಂದವರ ಹಾಗೆ, ನಿಂತಿದ್ದರು. ಹತ್ತೊಂಬತ್ತು ವರ್ಷ ಯೋರುನ್ ಈ ಗಳಿಗೆಗೆ ಮಾತು ಜೋಡಿಸಿಟ್ಟಿದ್ದಳು. ಒಂದೊಂದೂ ಚುರುಕಾದ ಮಾತು. ಈಗ ನೋಡಿದರೆ ತಮ್ಮನ ಕತ್ತು ಅಪ್ಪನ ಕತ್ತಿನಂತೆಯೇ ಸುಕ್ಕುಗಟ್ಟಿತ್ತು. ಕಿಟಕಿಯಿಂದ ಅದು ಕಂಡಿರಲಿಲ್ಲ. ಜೋಡಿಸಿಟ್ಟ ಮಾತು ಒಂದೂ ಬಾಯಿಗೆ ಬರಲಿಲ್ಲ.

"ನಿನ್ನ ಸುಳ್ಳುಗಾರ್ತಿ ಅಂದೆ," ಎಂದ ಸಿವರ್ಟ್. "ಅಪ್ಪನ್ನೂ ಅಂದೆ. ತಪ್ಪು ನಂದು ಅಕ್ಕ."

"ತೊಲೆ ಹೊತ್ತಿದ್ದು ಊರವರು. ಸಾರು ಬಡಿಸಿದ್ದು ನಾನು," ಎಂದಳು ಯೋರುನ್. "ಆ ವಾರ ಪೂರ್ತಿ ಇಲ್ಲೇ ನಿಂತು ಮೀನಿನ ಸಾರು ಬಡಿಸಿದೀನಿ, ಮೂವತ್ತು ಜನಕ್ಕೆ. ಒಂದ್ಸಲ ನಾನಾದ್ರೂ ತಲೆ ಎತ್ತಿ ಗೋಪುರ ನೋಡಿದ್ನಾ? ಇಲ್ಲ. ಉಪ್ಪು ಸಾಲದು ಅಂತ ಈ ಇಂಗ್ವಾಲ್ ತಲೆ ತಿಂತಿದ್ದ."

"ಸಾಲ್ತಿರ್ಲಿಲ್ಲ," ಎಂದ ಇಂಗ್ವಾಲ್ ದೂರದಿಂದಲೇ.

ಸಿವರ್ಟ್ ನಗಲಿಲ್ಲ. ಪೆಟ್ಟಿಗೆಯ ಮೇಲೆ ಕುಗ್ಗಿ ಕೂತಿದ್ದ. ಆಗ ಯೋರುನ್ ಮನಸ್ಸಿನಲ್ಲಿಟ್ಟುಕೊಂಡಿದ್ದ ಮಾತನ್ನು ತೆಗೆದಳು.

"ಕೈಗಾಳ ಮಾತ್ರ ಅಂತ ಹೇಳಿದ್ದೆ ನಿಂಗೆ. ನೀನು ಏನು ಬಿಟ್ಟೆ?"

"ಉದ್ದ ಹಗ್ಗ. ನಾನೂರು ಗಾಳದ್ದು."

"ದೋಣಿಮನೆ ಅಲ್ಲೇ ಇದ್ದಿದ್ರೆ ಆ ಹಗ್ಗ ದಿಬ್ಬದ ಮೇಲೆ ಬೀಳ್ತಿತ್ತು. ಒಂದು ಮರಾನೂ ಉಳೀತಿರ್ಲಿಲ್ಲ, ಒಂದು ಮೀನೂ ಉಳೀತಿರ್ಲಿಲ್ಲ. ಆ ಹುಡುಗಿ ಫೋನಲ್ಲಿ ತೋರಿಸ್ತಾಳೆ, ನೋಡು ಹೋಗಿ. ನೀನು ಜೀವಮಾನದಲ್ಲಿ ಮಾಡಿದ ಒಳ್ಳೆ ಕೆಲಸ ಅಂದ್ರೆ ಅದೊಂದೇ, ಅದೂ ಗೊತ್ತಿಲ್ದೆ."

ಈಗ ಸಿವರ್ಟನಿಗೆ ನಗು ಬಂತು. ಒಣಗಿದ ಪಂಪಿನಲ್ಲಿ ನೀರು ಬರುವ ಹಾಗೆ ಮೊದಲು ಬರೀ ಸದ್ದು, ಆಮೇಲೆ ನಗು. ಊರವರು ಹತ್ತಿರ ಬಂದರು. ಇಂಗ್ವಾಲ್ ಜೇಬಿನಿಂದ ನಿಜಕ್ಕೂ ನಾಲ್ಕು ಆಲೂಗಡ್ಡೆ ತೆಗೆದ.

ಬೂಟನ್ನು ಯಾರೂ ತಿನ್ನಲಿಲ್ಲ. ಮರುದಿನ ಸಿವರ್ಟ್ ಹಳೆಯ ಕಲ್ಲುಗಳ ನಡುವೆ, ಅಪ್ಪನ ದೋಣಿಮನೆಯ ನೆತ್ತಿ ಇದ್ದ ಕಡೆ ನೂಲು ಹಿಡಿದು ನೋಡಿ, ಎತ್ತರದ ಕಂಬ ನೆಟ್ಟು ಅಗಲವಾದ ಬಿಳಿ ಹಲಗೆ ಹೊಡೆದ. ಹಲಗೆಯ ಮೇಲೆ ಬೂಟನ್ನು ಕವುಚಿ ಹಾಕಿದ. ದಿಬ್ಬ ಈಗ ಸರಕಾರದ ನಕ್ಷೆಯಲ್ಲಿದೆ, ಅಲ್ಲಿ ಬಲೆ ಎಳೆಯಬಾರದು, ಲಂಗರು ಹಾಕಬಾರದು, ಕೈಗಾಳಕ್ಕೆ ಅಡ್ಡಿಯಿಲ್ಲ. ನಕ್ಷೆ ಯಾರು ಬೇಕಾದರೂ ನೋಡಬಹುದು. ಹಾಗಿರುವಾಗ ಕಂಬ ಯಾಕೆ ಎಂದು ಕೇಳಿದರೆ, ಅಪ್ಪ ಹೇಳಿದ ಮಾತು ದಡದಲ್ಲಿ ಸರಿಯಾಗಿರಬೇಕು ಎಂದ.

ಆ ಶನಿವಾರ ಬೆಳಿಗ್ಗೆ ಅವನು ಅಕ್ಕನ ಕಟ್ಟೆಗೆ ಬಂದು 'ಹಾನ್ನಾ'ದ ಪಕ್ಕ ನಿಂತ. ಕೈಯಲ್ಲಿ ಅಪ್ಪನ ಕೈಗಾಳದ ಸುತ್ತು.

"ಬಾ ಅಕ್ಕ, ಹೋಗೋಣ."

"ನಾನು ಬರೋ ಹಾಗಿಲ್ಲ. ಗುರುತು ಹೇಳಿದವರು ಜೊತೆಗೆ ಹೋಗ್ಬಾರ್ದು."

"ನೀನು ನಂಗೆ ಹೇಳಿದ್ದು ಕೆಸರಿನ ಗುರುತು," ಎಂದ ಸಿವರ್ಟ್. "ದಿಬ್ಬದ್ದು ಭವನದಲ್ಲಿ ಊರಿಗೆಲ್ಲ ಹೇಳಿದೀಯ. ಊರಿಗೆಲ್ಲ ಹೇಳಿದ್ದನ್ನ ಯಾರಿಗೂ ಹೇಳಿದ ಹಾಗಲ್ಲ. ಹತ್ತು."

ಯೋರುನ್ ಆ ವಾದದಲ್ಲಿ ತೂತು ಹುಡುಕಿದಳು. ಇತ್ತು, ಒಂದಲ್ಲ ಮೂರು. ಆದರೂ ಹತ್ತಿದಳು. ಗೋಪುರ ಬಿಳಿ ಹಲಗೆಯ ಮೇಲೆ ನೇರ ನಿಂತು, ಕಲ್ಲುಗುಪ್ಪೆ ಕರಿಬಂಡೆಯ ಹಿಂದಿನಿಂದ ಇಣುಕಿದಾಗ ಎಂಜಿನ್ ಆರಿಸಿದಳು. ಇಬ್ಬರೂ ಒಂದೊಂದು ಕಡೆ ಕೂತು ಗಾಳ ಇಳಿಸಿದರು. ಹಗ್ಗ ಇಳಿಯುತ್ತ ಇಳಿಯುತ್ತ ಒಂದು ಕಡೆ ಬೆರಳಿನಲ್ಲಿ ಸಡಿಲಾಯಿತು.

"ತಗ್ಗು," ಎಂದ ಸಿವರ್ಟ್.

"ಹೂಂ," ಎಂದಳು ಯೋರುನ್.

ಅದಾದ ಮೇಲೆ ಒಂದು ಗಂಟೆ ಅವನು ತುಟಿ ಬಿಚ್ಚಲಿಲ್ಲ. ಯೋರುನ್ ಅವನನ್ನು ಓರೆಗಣ್ಣಿನಲ್ಲಿ ನೋಡಿದಳು. ದೋಣಿಯಲ್ಲಿ ಮಾತಾಡುವ ಜಾತಿಯವನಲ್ಲ. ಕಾಫಿ ಫ್ಲಾಸ್ಕಿನ ಮುಚ್ಚಳ ತೆಗೆದಳು. ಲೋಟ ಎರಡು ತಂದಿದ್ದಳು.